ಶ್ರೀಮತಿ ಧನವಂತಿ ರಾಮರಾವ್: ಹುಬ್ಬಳ್ಳಿಯಿಂದ ವಿಶ್ವವೇದಿಕೆಗೆ

ಮನೆಯೊಳಗಿನ ಮಾತು ಹೊಸಿಲು ದಾಟಬಾರದೆಂಬುದು ನಮ್ಮ ಸಮಾಜದ ಹಳೆಯ ಕಟ್ಟಳೆ. ಆ ಕಟ್ಟಳೆಯಲ್ಲಿ ಮರ್ಯಾದೆಯೂ ಉಂಟು, ಗಾಂಭೀರ್ಯವೂ ಉಂಟು. ಆದರೆ ಮಾತು ಹೊಸಿಲು ದಾಟದ ಕಾರಣಕ್ಕಾಗಿ ಪ್ರಾಣವೇ ದಾಟಿಹೋಗುವ ಪ್ರಸಂಗ ಬಂದಾಗ ಅಂಥ ಮೌನಕ್ಕೆ ಮರ್ಯಾದೆಯೆಂಬ ಹೆಸರು ಸಲ್ಲದು. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಳ್ಳಿಗಳ ಅಜ್ಜಿಯಂದಿರು ಹೇಳುತ್ತಿದ್ದುದು ಅಲಂಕಾರದ ಮಾತಾಗಿರಲಿಲ್ಲ. ಸ್ವಾತಂತ್ರ್ಯ ಬರುವ ಮುನ್ನಾ ವರ್ಷ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿಯು ಭಾರತದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ವರದಿಯನ್ನೊಪ್ಪಿಸಿದಾಗ, ಬಸುರಿ ಬಾಣಂತಿಯರಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಮಂದಿ ಮರಣ ಹೊಂದುತ್ತಿರುವರೆಂದು ಅಂದಾಜು ಮಾಡಿತು. ಇಷ್ಟು ದೊಡ್ಡ ಸಾವಿನ ಸುದ್ದಿ ಸಭೆಯಲ್ಲಿ ಚರ್ಚೆಗೆ ಬಾರದೆ ಅಡುಗೆಮನೆಯ ಕತ್ತಲೆಯಲ್ಲಿಯೇ ಉಳಿದಿತ್ತು. ಅದನ್ನು ಬೆಳಕಿಗೆ ತಂದು, ಮೊದಲು ದೇಶದ ಮುಂದೆ, ಅನಂತರ ಜಗತ್ತಿನ ಮುಂದೆ ಇಟ್ಟವರಲ್ಲಿ ಅಗ್ರಗಣ್ಯರು ಶ್ರೀಮತಿ ಧನವಂತಿ ರಾಮರಾವ್ ಅವರು. ಅವರು ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

1893ರ ಮೇ 10ರಂದು ಧನವಂತಿಯವರ ಜನನವಾಯಿತು. ಅವರದು ಕಾಶ್ಮೀರಿ ಪಂಡಿತರ ಹಂಡೂ ಮನೆತನ. ತಂದೆಯವರು ರೈಲ್ವೆ ಇಲಾಖೆಯ ಉದ್ಯೋಗ ನಿಮಿತ್ತವಾಗಿ ತಮ್ಮ ನಾಡನ್ನು ಬಿಟ್ಟು ಬಹುದೂರದ ಹುಬ್ಬಳ್ಳಿಯಲ್ಲಿ ನೆಲೆಸಿದ್ದರು. ಮನೆಯೊಳಗೆ ಕಾಶ್ಮೀರದ ಆಚಾರ, ಬಾಗಿಲಾಚೆಗೆ ಕನ್ನಡ ಸೀಮೆಯ ಬದುಕು. ಹೀಗೆ ಎರಡು ಸಂಸ್ಕೃತಿಗಳ ನಡುವೆ ಅವರ ಬಾಲ್ಯ ಕಳೆಯಿತು. ಹತ್ತು ಹನ್ನೆರಡು ವರ್ಷಕ್ಕೆ ಹುಡುಗಿಯರಿಗೆ ಲಗ್ನ ಮಾಡಿ, ಹದಿನೈದಕ್ಕೆ ತೊಟ್ಟಿಲು ಕಟ್ಟುವುದು ಅಂದಿನ ರೂಢಿ. ಆ ರೂಢಿಗೆ ಒಳಗಾಗದೆ ಶಾಲೆಯ ಮೆಟ್ಟಿಲನ್ನು ಒಂದೊಂದಾಗಿ ಏರುವ ಅವಕಾಶ ಧನವಂತಿಯವರಿಗೆ ಒದಗಿತು. ಒಬ್ಬ ಹುಡುಗಿಯ ಮದುವೆ ಕೆಲವು ವರ್ಷ ಮುಂದಕ್ಕೆ ಹೋದರೆ ಅವಳ ಬದುಕು ಎಷ್ಟು ವಿಸ್ತಾರವಾಗಬಲ್ಲುದೆಂಬುದಕ್ಕೆ ಮುಂದೆ ಅವರೇ ನಿದರ್ಶನವಾದರು.

ಹುಬ್ಬಳ್ಳಿಯ ಶಾಲಾಶಿಕ್ಷಣದ ತರುವಾಯ ಅವರು ಮದರಾಸಿಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಕಾಲೇಜಿನ ಕೊಠಡಿಯಲ್ಲಿ ಹೆಣ್ಣುಮಕ್ಕಳನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲವದು. ಓದಿನಲ್ಲಿ ಮೇಲುಗೈ ಸಾಧಿಸಿ ಪದವೀಧರೆಯಾದ ಮೇಲೆ ಅದೇ ನಗರದ ಕ್ವೀನ್ ಮೇರಿ ಕಾಲೇಜಿನಲ್ಲಿ ಅಧ್ಯಾಪಕಿಯಾದರು. 1914ರಲ್ಲಿ ಆರಂಭವಾಗಿದ್ದ ಆ ಮಹಿಳಾ ಕಾಲೇಜು ಆಗಿನ್ನೂ ಎಳೆಯ ಸಂಸ್ಥೆ. ಜೀವನದಲ್ಲಿ ಅವರು ಮೊದಲು ಹಿಡಿದ ವೃತ್ತಿ ಅಧ್ಯಾಪನ. ಅಪರಿಚಿತವಾದ ವಿಷಯವನ್ನು ಕೇಳುವವರ ಮನಸ್ಸಿಗೆ ನೋವಾಗದಂತೆ ವಿವರಿಸುವ ಹದ ಮುಂದಿನ ಅವರ ಸಾರ್ವಜನಿಕ ಭಾಷಣಗಳಿಗೆ ಬಲವಾಗಿ ಒದಗಿಬಂದುದರಲ್ಲಿ ಆಶ್ಚರ್ಯವಿಲ್ಲ.

1919ರಲ್ಲಿ ಅವರು ಐ.ಸಿ.ಎಸ್. ಅಧಿಕಾರಿಗಳಾದ ಬೆನಗಲ್ ರಾಮರಾವ್ ಅವರನ್ನು ವಿವಾಹವಾದರು. ವರನು ದಕ್ಷಿಣ ಕನ್ನಡ ಮೂಲದ ಸಾರಸ್ವತ ಮನೆತನದವರು; ವಧು ಕಾಶ್ಮೀರಿ ಪಂಡಿತರ ಮಗಳು. ಭಾಷೆ ಬೇರೆ, ಪ್ರಾಂತ ಬೇರೆ, ಪಂಗಡ ಬೇರೆಯಾದ ಇಂಥ ಸಂಬಂಧ ಆ ದಿನಗಳಲ್ಲಿ ವಿರಳವಾಗಿತ್ತು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾವ್ ಅವರೂ ಪತ್ರಿಕೋದ್ಯಮಿ ಬಿ. ಶಿವರಾವ್ ಅವರೂ ಈ ರಾಮರಾಯರ ಸಹೋದರರು. 1925ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ವಿದ್ವಾಂಸ ಬೆನಗಲ್ ರಾಮರಾಯರು ಬೇರೆಯವರು; ಹೆಸರು ಒಂದೇ ಆದುದರಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸುವುದು ತಪ್ಪಾಗುತ್ತದೆ. ದಂಪತಿಗಳಿಗೆ ಪ್ರೇಮಿಳಾ ಮತ್ತು ಶಾಂತಾ ಎಂಬ ಇಬ್ಬರು ಹೆಣ್ಣುಮಕ್ಕಳು. ಕಿರಿಯರಾದ ಶಾಂತಾ ರಾಮರಾವ್ ಅವರು ಇಂಗ್ಲಿಷ್ ಲೇಖಕಿಯಾಗಿ ಪ್ರಸಿದ್ಧರಾದರು.

ಪತಿಯ ಅಧಿಕಾರದ ನೆರಳಿನಲ್ಲಿ ಸುಖವಾಗಿ ಕಾಲ ಕಳೆಯಬಹುದಾಗಿದ್ದ ಧನವಂತಿಯವರು ಮೊದಲು ಕೈಹಾಕಿದ್ದು ಬಾಲ್ಯವಿವಾಹದ ಪ್ರಶ್ನೆಗೆ. 1920ರ ದಶಕದ ಕೊನೆಯಲ್ಲಿ ಅಖಿಲ ಭಾರತ ಬಾಲ್ಯವಿವಾಹ ನಿರ್ಮೂಲನ ಸಂಘದ ಕಾರ್ಯದರ್ಶಿಯಾಗಿ ಅವರು ದುಡಿದರು. ಹರಬಿಲಾಸ ಸಾರಡಾ ಅವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಗೆ ಬೆಂಬಲ ದೊರಕಿಸಲು ದೇಶದ ಮಹಿಳಾಸಂಘಗಳು ಸದಸ್ಯರ ಮನೆಬಾಗಿಲಿಗೆ ಹೋಗಿ ವಾದಿಸಿದವು. 1929ರಲ್ಲಿ ಮಸೂದೆಯು ಶಾಸನವಾಗಿ, 1930ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವಿವಾಹಕ್ಕೆ ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬಿರಬೇಕೆಂದು ಅದು ವಿಧಿಸಿತು. ಶಾಸನದ ಹಲ್ಲು ಮೊಂಡಾಗಿತ್ತು. ಉಲ್ಲಂಘಿಸಿದವರಿಗೆ ಶಿಕ್ಷೆಯಾದುದು ಅಪರೂಪ. ಆದರೂ ಎಳೆಯ ದೇಹದ ಮೇಲೆ ತಾಯ್ತನದ ಭಾರವನ್ನು ಹೊರಿಸುವುದು ಕುಲಾಚಾರದ ವಿಷಯ ಮಾತ್ರವಲ್ಲ, ರಾಜ್ಯವು ಪ್ರಶ್ನಿಸಬಹುದಾದ ವಿಷಯ ಎಂಬ ತತ್ತ್ವವು ಅಂದು ಸ್ಥಾಪಿತವಾಯಿತು.

ಅದೇ 1929ರ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪ್ರಸಂಗ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಎರಡು ವರ್ಷಗಳ ಹಿಂದೆ ಅಮೆರಿಕದ ಕ್ಯಾಥರೀನ್ ಮೇಯೊ ಎಂಬಾಕೆ ಬರೆದ ಮದರ್ ಇಂಡಿಯಾ ಎಂಬ ಪುಸ್ತಕ ಭಾರತೀಯ ಸ್ತ್ರೀಯರ ದುಃಸ್ಥಿತಿಯನ್ನು ಮುಂದೆ ಮಾಡಿ ಇಡೀ ಜನಾಂಗವನ್ನೇ ಹೀನಾಯವಾಗಿ ಚಿತ್ರಿಸಿತ್ತು. ಅದನ್ನೋದಿ ಮನಕರಗಿದ ಬ್ರಿಟಿಷ್ ಸಂಸತ್ಸದಸ್ಯೆ ಎಲಿನರ್ ರಾಥ್‌ಬೋನ್ ಅವರು ಲಂಡನ್ನಿನ ಕ್ಯಾಕ್ಸ್‌ಟನ್ ಸಭಾಭವನದಲ್ಲಿ ಭಾರತೀಯ ಸ್ತ್ರೀಯರ ಸ್ಥಿತಿಗತಿಗಳ ಬಗ್ಗೆ ಸಮ್ಮೇಳನವನ್ನು ಏರ್ಪಡಿಸಿದರು. ಸಮ್ಮೇಳನವೇನೋ ಭಾರತೀಯ ಸ್ತ್ರೀಯರ ಕುರಿತದ್ದು. ಅದನ್ನು ನಡೆಸುವ ಹೊಣೆ ಮಾತ್ರ ಬ್ರಿಟಿಷ್ ಮಹಿಳೆಯರದು. ಪತಿಯ ಕೆಲಸದ ಸಂಬಂಧವಾಗಿ ಆಗ ಅಲ್ಲಿದ್ದ ಧನವಂತಿಯವರು ಸಭೆಯಲ್ಲಿ ಎದ್ದು ನಿಂತು ಬಹಿರಂಗವಾಗಿಯೇ ಆಕ್ಷೇಪಿಸಿದರು. ಭಾರತೀಯ ಸ್ತ್ರೀಯರ ಕಷ್ಟವನ್ನು ಹೇಳುವ ಹಾಗೂ ಪರಿಹರಿಸುವ ಅಧಿಕಾರ ಮೊದಲು ಭಾರತೀಯ ಸ್ತ್ರೀಯರದು ಎಂಬುದು ಅವರ ವಾದದ ತಿರುಳು. ಬಾಲ್ಯವಿವಾಹವನ್ನು ಸ್ವದೇಶದಲ್ಲಿ ಉಗ್ರವಾಗಿ ಖಂಡಿಸಿದವರೇ ಪರದೇಶದಲ್ಲಿ ಅದೇ ನೆಪದಿಂದ ದೇಶವನ್ನು ತುಚ್ಛೀಕರಿಸುವುದನ್ನು ಒಪ್ಪಲಿಲ್ಲ. ಈ ಎರಡು ನಿಲುವುಗಳಲ್ಲಿ ವಿರೋಧವಿಲ್ಲ. ಕಷ್ಟಪಡುವವಳ ಮಾತಿಗೇ ಮೊದಲ ಸ್ಥಾನವಿರಬೇಕೆಂಬ ಒಂದೇ ನಂಬಿಕೆಯಿಂದ ಎರಡೂ ಹೊರಟವು.

ಮುಂದಿನ ಇಪ್ಪತ್ತು ವರ್ಷಗಳು ಸಂಚಾರದ ವರ್ಷಗಳು. 1938ರಿಂದ 1941ರವರೆಗೆ ಪತಿಯವರು ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗ ವರ್ಣಭೇದದ ಕಹಿಯನ್ನು ಅವರು ಹತ್ತಿರದಿಂದ ಕಂಡರು. ಅನಂತರ ಮುಂಬಯಿಯ ವಾಸ. 1927ರಲ್ಲಿ ಸ್ಥಾಪಿತವಾಗಿದ್ದ ಅಖಿಲ ಭಾರತ ಮಹಿಳಾ ಪರಿಷತ್ತಿನಲ್ಲಿ ಬಹುಕಾಲ ದುಡಿದು, 1946-47ರಲ್ಲಿ ಅದರ ಅಧ್ಯಕ್ಷ ಪದವಿಯನ್ನು ಅಲಂಕರಿಸಿದರು. ಸ್ವಾತಂತ್ರ್ಯಾನಂತರ ಜಪಾನ್ ಮತ್ತು ಅಮೆರಿಕಗಳಲ್ಲಿ ಭಾರತದ ಪ್ರತಿನಿಧಿಯಾಗಿದ್ದ ರಾಮರಾಯರು 1949ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾಗಿ ನೇಮಕಗೊಂಡು ಮುಂಬಯಿಗೆ ಬಂದರು. ಧನವಂತಿಯವರಿಗೆ ಆಗ ವಯಸ್ಸು 56. ಸಾಮಾನ್ಯರು ನಿವೃತ್ತಿಯನ್ನು ಚಿಂತಿಸುವ ವಯಸ್ಸಿನಲ್ಲಿ ಅವರ ಜೀವನದ ಮುಖ್ಯಕಾರ್ಯ ಪ್ರಾರಂಭವಾಯಿತು.

ದೇಶವಿಭಜನೆಯ ನಿರಾಶ್ರಿತರಿಂದಲೂ ಕೂಲಿಯನ್ನರಸಿ ಬಂದ ಹಳ್ಳಿಗರಿಂದಲೂ ಮುಂಬಯಿ ಆಗ ಕಿಕ್ಕಿರಿದಿತ್ತು. ಒಂದು ಕೋಣೆಯ ಚಾಳಿನಲ್ಲಿ ಒಂದು ಸಂಸಾರ. ಮಡಿಲಲ್ಲಿ ಒಂದು ಕೂಸು, ಸೆರಗು ಹಿಡಿದು ಎರಡು, ಹೊಟ್ಟೆಯಲ್ಲಿ ಮತ್ತೊಂದು. ಅಂಥ ತಾಯಂದಿರಿಗೆ ಹಾಲು ಹಂಚುವುದು, ಬಟ್ಟೆ ಕೊಡುವುದು ಸಮಾಜಸೇವೆಯೆಂದು ಎಲ್ಲರೂ ಒಪ್ಪುತ್ತಿದ್ದರು. ಮುಂದಿನ ಬಸಿರು ಯಾವಾಗ ಬೇಕು, ಬೇಕೇ ಬೇಡವೇ ಎಂದು ಅವಳನ್ನು ಕೇಳುವವರು ಮಾತ್ರ ಇರಲಿಲ್ಲ. ಈ ದಿಕ್ಕಿನಲ್ಲಿ ಮೊದಲೇ ಕೆಲವರು ಹೆಜ್ಜೆಯಿಟ್ಟಿದ್ದುದು ನಿಜ. ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿಯೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದು ನಿಂದೆಗೆ ಗುರಿಯಾಗಿದ್ದರು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಇಂಥ ಸಲಹಾಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿ ಇಡೀ ಜಗತ್ತಿಗೇ ಮೇಲ್ಪಂಕ್ತಿಯಾಗಿತ್ತು. ಮಹಿಳಾ ಪರಿಷತ್ತೂ 1930ರ ದಶಕದ ಆದಿಯಲ್ಲಿ ಇದನ್ನು ಬೆಂಬಲಿಸಿ ನಿರ್ಣಯ ಮಾಡಿತ್ತು. ಆದರೆ ಮಹಾತ್ಮಾ ಗಾಂಧಿಯವರು ಸಂಯಮವೊಂದೇ ದಾರಿಯೆಂದು ನಂಬಿದ್ದರು. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವರ್ಧಾಕ್ಕೆ ಬಂದು ಚರ್ಚಿಸಿದಾಗಲೂ ಅವರ ಅಭಿಪ್ರಾಯ ಬದಲಾಗಲಿಲ್ಲ. ಹೀಗೆ ಅಲ್ಲಲ್ಲಿ ಹಚ್ಚಿದ ದೀಪಗಳು ಅಲ್ಲಲ್ಲಿಯೇ ಉಳಿದಿದ್ದವು.

ದೇಶವ್ಯಾಪಿಯಾದ ಸಂಸ್ಥೆಯೊಂದು ಬೇಕೆಂದು ಮನಗಂಡು ಧನವಂತಿಯವರು 1949ರಲ್ಲಿ ಮುಂಬಯಿಯಲ್ಲಿ ಭಾರತ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. ಸಿಂಹಳದಲ್ಲಿ ಜನಿಸಿ ಕಾನೂನು ಓದಿದ್ದ ಆವಾಬಾಯಿ ವಾಡಿಯಾ ಅವರು ಈ ಕಾರ್ಯದಲ್ಲಿ ಅವರ ಬಲಗೈಯಾದರು. ಸಂಘದ ಗುರಿಯನ್ನು ಮಕ್ಕಳನ್ನು ಕಡಿಮೆ ಮಾಡುವುದೆಂಬ ಒಂದು ಮಾತಿಗೆ ಇಳಿಸಲು ಬರುವಂತಿರಲಿಲ್ಲ. ಹೆರಿಗೆಯಿಂದ ಹೆರಿಗೆಗೆ ಅಂತರವಿರಲಿ, ತಾಯಿ ಚೇತರಿಸಿಕೊಳ್ಳಲಿ, ಮಕ್ಕಳಿಲ್ಲದವರಿಗೂ ಚಿಕಿತ್ಸೆ ದೊರೆಯಲಿ ಎಂಬುದೂ ಅದರಲ್ಲಿ ಸೇರಿತ್ತು. ಮುಂದೆ ಸಂಘದ ಶಾಖೆಗಳು ದೇಶದ ನಾನಾ ಊರುಗಳಲ್ಲಿ ಹಬ್ಬಿದವು. ಕರ್ನಾಟಕದಲ್ಲಿ ಬೆಂಗಳೂರಿನಲ್ಲಿಯೂ, ಅವರ ತವರೂರಿಗೆ ಕೂಗಳತೆಯಲ್ಲಿರುವ ಧಾರವಾಡದಲ್ಲಿಯೂ ಶಾಖೆಗಳು ಸ್ಥಾಪನೆಯಾದವು.

ಖಾಸಗಿ ಸಂಘದಿಂದ ಕೋಟ್ಯಂತರ ಜನರನ್ನು ಮುಟ್ಟಲಾಗದೆಂಬುದು ಧನವಂತಿಯವರಿಗೆ ತಿಳಿದಿತ್ತು. ಯೋಜನಾ ಆಯೋಗವು ಆರೋಗ್ಯ ವಿಷಯಕ್ಕಾಗಿ ರಚಿಸಿದ ಮಂಡಲಿಯಲ್ಲಿ ಅವರು ಈ ಪ್ರಶ್ನೆಯನ್ನು ಬಿಡದೆ ಎತ್ತಿ ಹಿಡಿದರು. ಅಂದಿನ ಆರೋಗ್ಯಮಂತ್ರಿ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ನಿಷ್ಠಾವಂತ ಅನುಯಾಯಿಗಳು. ಕೃತಕ ಸಾಧನಗಳಿಗೆ ಅವರ ಸಮ್ಮತಿಯಿರಲಿಲ್ಲ. ಇಬ್ಬರೂ ಮಹಿಳಾ ಪರಿಷತ್ತಿನಲ್ಲಿ ಒಟ್ಟಿಗೆ ದುಡಿದವರೇ. ಕೊನೆಗೆ ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ಮೀಸಲಾಯಿತು. 1952ರಲ್ಲಿ ಭಾರತವು ಇದನ್ನು ಸರ್ಕಾರದ ಕಾರ್ಯಕ್ರಮವಾಗಿ ಸ್ವೀಕರಿಸಿದ ಮೊತ್ತಮೊದಲ ರಾಷ್ಟ್ರವಾಯಿತು.

ಮಂತ್ರಿಗಳು ಒಪ್ಪಿದ ಒಂದೇ ವಿಧಾನವೆಂದರೆ ಋತುಚಕ್ರದ ದಿನಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ ಅದರ ಪ್ರಯೋಗ ನಡೆದದ್ದು ದಿಲ್ಲಿಯ ಲೋದಿ ಕಾಲೊನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ. ಅಕ್ಷರ ತಿಳಿಯದ ಹೆಂಗಸರಿಗಾಗಿ ಬಣ್ಣಬಣ್ಣದ ಮಣಿಗಳ ಸರವನ್ನು ಪೋಣಿಸಿ ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಿ, ಮಣಿಯ ಬಣ್ಣವನ್ನು ನೋಡಿ ಯಾವ ದಿನಗಳಲ್ಲಿ ಬಸಿರಿನ ಸಂಭವವಿದೆಯೆಂದು ತಿಳಿಯಬೇಕು. ರಾತ್ರಿಯ ಕತ್ತಲೆಯಲ್ಲಿ ಬಣ್ಣ ತಿಳಿಯದು; ಕೆಲವರು ಮಣಿಸರವನ್ನು ತಾಯಿತದಂತೆ ಕಟ್ಟಿಕೊಂಡರೆ ಸಾಕೆಂದು ಭಾವಿಸಿದರು. ಕೊನೆಯವರೆಗೆ ಕ್ರಮವಾಗಿ ಆಚರಿಸಿದವರು ಕೆಲವರೇ, ಪ್ರಯೋಗ ಫಲಿಸಲಿಲ್ಲ. ಆದರೆ ಅದೇ ಕಾಲದಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದಿಂದ ಒಂದು ಮಹತ್ತ್ವದ ವಿಷಯ ಹೊರಪಟ್ಟಿತು. ಹಳ್ಳಿಯ ಹೆಂಗಸರಲ್ಲಿ ಬಹುಮಂದಿಗೆ ಸಂತಾನದ ಬಗ್ಗೆ ತಿಳಿವಳಿಕೆ ಪಡೆಯುವ ಇಚ್ಛೆಯಿತ್ತು. ಅವರಿಗೆ ಬೇಕಾಗಿದ್ದುದು ಅವರ ಬದುಕಿಗೆ ಹೊಂದುವ ಉಪಾಯ. ದೊರೆತದ್ದು ಮೇಲಿನವರ ಮತಕ್ಕೆ ಹೊಂದುವ ಉಪಾಯ. ಧನವಂತಿಯವರ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆ ಬೇಕಿರಲಿಲ್ಲ.

1952ರ ನವೆಂಬರ್ ತಿಂಗಳಿನಲ್ಲಿ ಅವರ ಆಹ್ವಾನದ ಮೇರೆಗೆ ಮೂರನೆಯ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಸಮ್ಮೇಳನ ಮುಂಬಯಿಯಲ್ಲಿ ನೆರೆಯಿತು. ಹಿಂದಿನ ಎರಡು ಸಮ್ಮೇಳನಗಳು ಸ್ವೀಡನ್ನಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಜರುಗಿದ್ದವು. ಉಪರಾಷ್ಟ್ರಪತಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಇದನ್ನು ಉದ್ಘಾಟಿಸಿದರು. ಧರ್ಮಶಾಸ್ತ್ರಗಳ ಪಾರಂಗತರಾದ ದಾರ್ಶನಿಕರೊಬ್ಬರು ವೇದಿಕೆಯನ್ನೇರಿ ಈ ಕಾರ್ಯವನ್ನು ಹರಸಿದ್ದು ಅಳುಕುತ್ತಿದ್ದ ಅನೇಕರಿಗೆ ಧೈರ್ಯ ತಂದಿತು. ಭಾರತ, ಬ್ರಿಟನ್, ಅಮೆರಿಕ, ಸ್ವೀಡನ್, ನೆದರ್‌ಲೆಂಡ್ಸ್, ಪಶ್ಚಿಮ ಜರ್ಮನಿ, ಹಾಂಗ್‌ಕಾಂಗ್ ಮತ್ತು ಸಿಂಗಪುರ ಎಂಬ ಎಂಟು ಕಡೆಯ ಸಂಘಗಳು ಕೂಡಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವನ್ನು ಅಲ್ಲಿಯೇ ಸ್ಥಾಪಿಸಿದವು. ಮಾರ್ಗರೆಟ್ ಸ್ಯಾಂಗರ್ ಮತ್ತು ಧನವಂತಿ ರಾಮರಾವ್ ಜಂಟಿ ಗೌರವಾಧ್ಯಕ್ಷರಾದರು. ಲಂಡನ್ನಿನ ಸಭೆಯಲ್ಲಿ 23 ವರ್ಷಗಳ ಹಿಂದೆ ಭಾರತೀಯ ಸ್ತ್ರೀಯ ಮಾತಿಗಾಗಿ ಸ್ಥಾನ ಕೇಳಿದ್ದವರು, ಈಗ ಜಗತ್ತಿನ ಸ್ತ್ರೀಯರ ಸಲುವಾಗಿ ತಮ್ಮ ದೇಶದಲ್ಲಿಯೇ ಪೀಠವನ್ನು ಹಾಕಿ ಕೂರಿಸಿದರು.

ಇಂಥ ಅಂತರರಾಷ್ಟ್ರೀಯ ಸೇವೆಯೆಂದರೆ ವಿಮಾನಯಾನ ಮತ್ತು ಹೂಮಾಲೆಗಳ ಸುಖವೆಂದು ತಿಳಿಯಬಾರದು. ದಾನಿಗಳಿಂದ ಹಣ ಕೂಡಿಸುವುದು, ವೈದ್ಯರಿಗೂ ದಾದಿಯರಿಗೂ ತರಬೇತಿ ಏರ್ಪಡಿಸುವುದು, ಮತಮತಗಳ ಆಕ್ಷೇಪಗಳಿಗೆ ತಾಳ್ಮೆಯಿಂದ ಸಮಾಧಾನ ಹೇಳುವುದು, ಹೊಸದಾಗಿ ಸ್ವತಂತ್ರವಾದ ದೇಶಗಳ ಸಂಘಗಳನ್ನು ಕೈಹಿಡಿದು ನಡೆಸುವುದು, ಇವೆಲ್ಲವೂ ಅದರಲ್ಲಿ ಅಡಗಿದ್ದವು. 1959ರಲ್ಲಿ ದಿಲ್ಲಿಯಲ್ಲಿ ನಡೆದ ಆರನೆಯ ಸಮ್ಮೇಳನಕ್ಕೆ ಪ್ರಧಾನಿ ಜವಾಹರಲಾಲ ನೆಹರೂ ಬಂದರು. ಅದೇ ವರ್ಷ ಧನವಂತಿಯವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. 1963ರಿಂದ 1971ರವರೆಗೆ, ಎಂದರೆ ತಮ್ಮ 78ನೆಯ ವಯಸ್ಸಿನವರೆಗೆ, ಅವರು ಒಕ್ಕೂಟದ ಅಧ್ಯಕ್ಷರಾಗಿದ್ದರು. 1969ರಲ್ಲಿ ಪತಿಯ ವಿಯೋಗವಾದ ಮೇಲೂ ಹೊತ್ತ ಭಾರವನ್ನು ಇಳಿಸಲಿಲ್ಲ.

ಆದರೆ ಅವರ ಬದುಕಿನ ಕಥೆಯನ್ನು ಕೇವಲ ಜಯಪರಂಪರೆಯೆಂದು ಹೇಳಿ ಮುಗಿಸುವುದು ಸತ್ಯಕ್ಕೆ ದೂರ. ತಾಯಿಯ ಹಿತ, ಜನಸಂಖ್ಯೆಯ ಹಿಡಿತ ಎಂಬ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದ ಬಂಡಿ ಅದು. ದೇಶದ ಜನಸಂಖ್ಯೆ ಏರುವುದನ್ನು ಕಂಡು ಧನವಂತಿಯವರೂ ಕಳವಳಗೊಂಡವರೇ. ಅಂಕಿಗಳನ್ನು ಮುಂದಿಟ್ಟು ಎಚ್ಚರಿಸಿದವರೇ. 1960ರ ದಶಕದಲ್ಲಿ ಎರಡನೆಯ ಎತ್ತು ಮೊದಲನೆಯದನ್ನು ಎಳೆದುಕೊಂಡು ಓಡತೊಡಗಿತು. ಸರ್ಕಾರಗಳು ಗುರಿಸಂಖ್ಯೆಗಳನ್ನು ಗೊತ್ತುಮಾಡಿದವು. 1965ರಲ್ಲಿ ವಂಕಿ ಹಾಕುವ ಕಾರ್ಯಕ್ರಮ ಭರದಿಂದ ಆರಂಭವಾಯಿತು. ಹಾಕಿದ ಮೇಲೆ ರಕ್ತಸ್ರಾವದಿಂದ ನರಳಿದವರನ್ನು ವಿಚಾರಿಸುವ ವ್ಯವಸ್ಥೆ ಸಾಲದಾಗಿ ಜನರ ನಂಬಿಕೆ ಕುಸಿಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಅವುಗಳಲ್ಲಿ ಬಲಾತ್ಕಾರದಿಂದ ಆದವೂ ಅಸಂಖ್ಯ. ಇಚ್ಛೆಯೇ ಅಡಿಗಲ್ಲಾಗಿ ಕಟ್ಟಲ್ಪಟ್ಟ ಕಾರ್ಯ ಇಚ್ಛೆಯನ್ನೇ ತುಳಿದ ಕಾರ್ಯವೆಂದು ಜನರ ಬಾಯಲ್ಲಿ ಅಪಕೀರ್ತಿ ಹೊಂದಿತು. ಕುಟುಂಬ ಯೋಜನೆಯೆಂಬ ಹೆಸರನ್ನೇ ಸರ್ಕಾರವು ಬಿಟ್ಟು ಕುಟುಂಬ ಕಲ್ಯಾಣವೆಂದು ಕರೆಯಬೇಕಾಯಿತು. ಒಳ್ಳೆಯ ಕಾರ್ಯವೂ ಅದು ಯಾರಿಗಾಗಿ ಎಂಬುದನ್ನು ಮರೆತರೆ ಹೇಗೆ ಕೆಡುತ್ತದೆಂಬ ಪಾಠ ಇಲ್ಲಿದೆ.

1977ರಲ್ಲಿ ಧನವಂತಿಯವರ ಆತ್ಮಕಥೆ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರ ಹೆಸರಿನ ಅರ್ಥ ಪಿತ್ರಾರ್ಜಿತ ಅಥವಾ ಬಳುವಳಿ. 1987ರ ಜುಲೈ 19ರಂದು, 94 ವರ್ಷಗಳ ತುಂಬು ಜೀವನವನ್ನು ನಡೆಸಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರು ಬಿಟ್ಟುಹೋದ ಬಳುವಳಿ ಅವರ ಮರಣಾನಂತರ ಇನ್ನಷ್ಟು ಶುದ್ಧವಾಯಿತೆನ್ನಬಹುದು. 1994ರಲ್ಲಿ ಈಜಿಪ್ಟಿನ ಕೈರೋದಲ್ಲಿ ವಿಶ್ವಸಂಸ್ಥೆ ಕರೆದ ಸಮ್ಮೇಳನವು ಜನಸಂಖ್ಯೆಯ ಗುರಿಗಳಿಗಿಂತ ಸ್ತ್ರೀಯ ಆರೋಗ್ಯಕ್ಕೂ ಹಕ್ಕಿಗೂ ಅಗ್ರಸ್ಥಾನವಿರಬೇಕೆಂದು ಸಾರಿತು. 1996ರಲ್ಲಿ ಭಾರತವು ಗುರಿಸಂಖ್ಯೆಗಳ ಪದ್ಧತಿಯನ್ನು ಕೈಬಿಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 2 ಮಕ್ಕಳು. ಕರ್ನಾಟಕದಲ್ಲಿ ಅದಕ್ಕೂ ಕಡಿಮೆ, 1.7. ಅಂಕಿಗಳ ಭಯ ಬಹುಮಟ್ಟಿಗೆ ಕಳೆಯಿತು. ಆದರೆ ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳುತ್ತದೆ. ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 38ರಷ್ಟು ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಪುರುಷರ ಶಸ್ತ್ರಕ್ರಿಯೆ ಶೇಕಡಾ ಅರ್ಧಕ್ಕೂ ಕಡಿಮೆ. ಹೆರುವ ನೋವಿನಂತೆ ಹೆರಿಗೆಯನ್ನು ತಡೆಯುವ ನೋವೂ ಇನ್ನೂ ಹೆಣ್ಣಿನ ಪಾಲಿಗೇ ಇದೆ.

ಮತ್ತೊಂದು ಅಂಕಿ ಶಾಲೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರಲ್ಲಿ ಐವರಿಗೊಬ್ಬಳು 18 ತುಂಬುವ ಮೊದಲೇ ಮದುವೆಯಾಗಿದ್ದಳು. ಸಾರಡಾ ಶಾಸನ ಜಾರಿಗೆ ಬಂದು ತೊಂಬತ್ತು ವರ್ಷ ಕಳೆದ ಮೇಲಿನ ಸ್ಥಿತಿಯಿದು. ಹುಬ್ಬಳ್ಳಿಯ ಹುಡುಗಿಯೊಬ್ಬಳು ಜಗತ್ತಿನ ತಾಯಂದಿರ ಪರವಾಗಿ ನಿಲ್ಲುವುದಕ್ಕೆ ಸಾಧ್ಯವಾದದ್ದು, ಅವಳ ಹನ್ನೆರಡನೆಯ ವಯಸ್ಸಿನಲ್ಲಿ ಯಾರೋ ಅವಳನ್ನು ಹಸೆಮಣೆಗೆ ಕೂರಿಸದೆ ಶಾಲೆಯ ಮಣೆಗೆ ಕೂರಿಸಿದ್ದರಿಂದ. ಬೇಸಿಗೆಯ ರಜೆ ಮುಗಿದು ಹಾಜರಿ ಕರೆಯುವಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಹೆಸರಿಗೆ ಉತ್ತರ ಬಾರದಿದ್ದರೆ, ಆ ದಿನ ಸಂಜೆಯೇ ಅವಳ ಮನೆಯತ್ತ ಹೆಜ್ಜೆಹಾಕುವ ಅಧ್ಯಾಪಕರೂ, ಅವಳ ಓದಿನ ಖರ್ಚಿಗೆ ಕೈಯೆತ್ತಿ ಕೊಡುವ ದಾನಿಗಳೂ ಧನವಂತಿ ರಾಮರಾವ್ ಅವರ ಕಾರ್ಯವನ್ನು ಅವರು ಆರಂಭಿಸಿದ ಸ್ಥಳದಿಂದಲೇ ಮುಂದುವರಿಸಿದಂತಾಗುತ್ತದೆ.